ಏರ್ ಗನ್ನಿನ ಸ್ಪ್ರಿಂಗ್ ಸತ್ತಿದೆ, ಹೊಸದು ಎಲ್ಲಿ ಸಿಗ್ತದೆ?

ಮಲ್ಪೆ_177:
ಸಾಕಾಗಿ ಹೋಯ್ತು ಮಾರಾಯ್ರೆ. ಮೊನ್ನೆವರೆಗೆ 10 ಮೀಟರಿಂದ ಹಾಲಿನ ಪುಡಿಯ ಡಬ್ಬದ ಎರಡೂ ಬದಿ ತೂತಾಗ್ತಿತ್ತು. ಈಗ ಒಂದೇ ಬದಿ, ಕೆಲವು ಸಲ ಬರೀ ಗುಳಿ. ಸ್ಪ್ರಿಂಗ್ ಹೋದದ್ದೇ. ಮಂಗಳೂರಲ್ಲಿ ಎಲ್ಲಿ ಸಿಗ್ತದೆ ಹೇಳಿ.

ಕದ್ರಿಗುಡ್ಡೆ:
ಸ್ಪ್ರಿಂಗ್ ಹೀಗೆ ನಾಲ್ಕು ದಿನದಲ್ಲಿ ಸಾಯುದಿಲ್ಲ. ಬ್ರೇಕ್ ಬ್ಯಾರಲ್, ಅಂದರೆ ಬ್ಯಾರಲ್ ಮಡಚಿ ಲೋಡ್ ಮಾಡುವ ಗನ್ ಅಲ್ವಾ? ಬ್ರೀಚ್ ಸೀಲ್ ನೋಡಿ, ಬ್ಯಾರಲಿನ ಹಿಂದಿನ ತುದಿಯಲ್ಲಿ ಗಾಳಿ ಸೋರದ ಹಾಗೆ ಕೂರಿಸಿದ ಓ-ರಿಂಗ್ ಅದು. ಟಿಶ್ಯೂ ಕಾಗದದ ಸಣ್ಣ ಪಟ್ಟಿ ಬ್ಯಾರಲ್ ಮಡಚುವ ಸಂದಿನ ಮೇಲೆ ಇಟ್ಟು ಹೊಡೆಯಿರಿ. ಹಾರಿದರೆ ಗಾಳಿ ಅಲ್ಲೇ ಸೋರುದು. ಪೆಲೆಟ್ (ಏರ್ ಗನ್ನಿನ ಗುಂಡು) ಹಾಕಿಯೇ ಹೊಡೆಯಿರಿ. ಖಾಲಿ ಹೊಡೆದರೆ ಸ್ಪ್ರಿಂಗ್ ತಳ್ಳುವ ಪಿಸ್ಟನ್ನಿಗೆ ಗಾಳಿಯ ಮೆತ್ತೆ ಸಿಗುದಿಲ್ಲ, ನೇರ ಸಿಲಿಂಡರಿನ ತುದಿಗೆ ಬಡಿತದೆ.

ಮಲ್ಪೆ_177:
ಕಾಗದ ಹಂದಲೇ ಇಲ್ಲ.

ಕದ್ರಿಗುಡ್ಡೆ:
ಫ್ಯಾನ್ ಆಫ್ ಮಾಡಿದ್ರಾ? ಓ-ರಿಂಗ್ ಬ್ರೀಚಿನ ಮಟ್ಟಕ್ಕಿಂತ ಕೂದಲೆಳೆಯಷ್ಟಾದರೂ ಮೇಲಿರಬೇಕು. ಚಪ್ಪಟೆಯಾಗಿದ್ದರೆ ಅಡಿಗೆ ತೆಳು ಪ್ಲಾಸ್ಟಿಕ್ ಬಿಲ್ಲೆ ಕೊಡಿ.

ಉದ್ಯಾವರ ಟೆರೇಸ್:
ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಡಬ್ಬ ನೋಡಿ ಎಂತ ಗೊತ್ತಾಗ್ತದೆ? ನನ್ನದು 0.53 ಗ್ರಾಮಿನ ಪೆಲೆಟ್‌ಗೆ ಸೆಕೆಂಡಿಗೆ 240 ಮೀಟರ್, ಅಂದರೆ 15 ಜೂಲ್ ಚಿಲ್ಲರೆ. ಟೆರೇಸಿನಲ್ಲಿ ಪೂರ್ತಿ 10 ಮೀಟರ್ ರೇಂಜ್, ಎಲ್‌ಇಡಿ ದೀಪ, ಹಿಂದೆ ಮರಳು ತುಂಬಿದ ಪೆಟ್ಟಿಗೆ.

ಫಿಟ್ಟರ್_ಕಾಪು:
ಟೆರೇಸ್ ಆಮೇಲೆ ನೋಡುವ. ಮಲ್ಪೆಯವರೇ, ಮೂರು ವಿಷಯ ಹೇಳಿ: ಪಿಸ್ಟನ್ ತುದಿಯಲ್ಲಿ ಗಾಳಿ ತಡೆಯುವ ವಾಷರ್ ಚರ್ಮದ್ದಾ, ಪ್ಲಾಸ್ಟಿಕ್ಕಾ? ಪೆಲೆಟ್ ಬದಲಿಸಿದ್ದೀರಾ? ಒಳಗೆ ಎಣ್ಣೆ ಬಿಟ್ಟಿದ್ದೀರಾ?

ಮಲ್ಪೆ_177:
ಪ್ಲಾಸ್ಟಿಕ್. ಪೆಲೆಟ್ ಅದೇ. ಮಳೆಗಾಲ ಅಲ್ವಾ, ತುಕ್ಕು ಬಾರದ ಹಾಗೆ ಗಾಳಿ ಬರುವ ತೂತಿಗೆ ಹೊಲಿಗೆ ಮೆಷಿನ್ ಎಣ್ಣೆ ಐದಾರು ಹನಿ ಬಿಟ್ಟಿದ್ದೆ. ಅದು ಎಲ್ಲರೂ ಮಾಡುದೇ. ಮೊದಲ ದಿನ ಒಳ್ಳೆ ಜೋರು ಸದ್ದು, ಪವರ್ ಕೂಡ ಹೆಚ್ಚಿತ್ತು.

ಫಿಟ್ಟರ್_ಕಾಪು:
ಇದನ್ನು ಮೊದಲೇ ಹೇಳುದಲ್ವಾ! ಹೊಗೆಯೂ ಬಂದಿರ್ತದೆ. ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಅದು ವಿಪರೀತ ಬಿಸಿಯಾಗ್ತದೆ. ಅಲ್ಲಿ ಪೆಟ್ರೋಲಿಯಂ ಎಣ್ಣೆ ಇದ್ದರೆ ಡೀಸೆಲ್ ಇಂಜಿನ್ನಿನ ಹಾಗೆ ಹತ್ತಿಕೊಳ್ತದೆ. ಆ ಜೋರು ಸದ್ದು ಅದೇ. ವಾಷರಿನ ತುಟಿ ಸುಟ್ಟಿದೆ, ಗಾಳಿ ಪಿಸ್ಟನ್ ಬದಿಯಿಂದ ಹಿಂದೆ ಹೋಗ್ತಾ ಉಂಟು. ಚರ್ಮದ ವಾಷರಿಗೆ ಎಣ್ಣೆ ಬೇಕು, ಪ್ಲಾಸ್ಟಿಕ್ಕಿಗೆ ಬೇಡ.

ಬಿಚ್ಚುವಾಗ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಗನ್ ಲೋಡ್ ಇಲ್ಲದಿದ್ದರೂ ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಇರ್ತದೆ, ಪಿನ್ ತೆಗೆದ ಕೂಡಲೇ ಮುಖಕ್ಕೆ ಹಾರ್ತದೆ. ಸಿಲಿಂಡರ್ ಒಳಗಿನ ಹಳೆ ಎಣ್ಣೆ ಪೂರಾ ಒರೆಸಿ. ಕಾಕಿಂಗ್ ಸ್ಲಾಟಿನ (ಪಿಸ್ಟನ್ ಹಿಂದೆ ಎಳೆಯುವ ಸರಳು ಓಡಾಡುವ ಸಿಲಿಂಡರಿನ ಉದ್ದ ಸೀಳು) ಅಂಚಿಗೆ ಬೆರಳು ಸವರಿ ನೋಡಿ, ಹರಿತ ಇದ್ದರೆ ನಯವಾಗಿ ಅರ ಹಾಕಿ. ಇಲ್ಲದಿದ್ದರೆ ಹೊಸ ವಾಷರನ್ನು ಒಳಗೆ ನೂಕುವಾಗಲೇ ಅದು ಕುಯ್ದು ಹಾಕ್ತದೆ, ಹೆಚ್ಚಿನವರು ಎರಡನೇ ವಾಷರ್ ತರುದು ಇದಕ್ಕೇ. ಪಿಸ್ಟನ್ ಹೆಬ್ಬೆರಳಿನ ಒತ್ತಡಕ್ಕೆ ಜಾರಬೇಕು. ಬಿಗಿಯಾದರೆ 400 ನಂಬರ್ ಮರಳು ಕಾಗದದಲ್ಲಿ ವಾಷರಿನ ಸುತ್ತ ಸಮನಾಗಿ ಉಜ್ಜಿ. ಸ್ಪ್ರಿಂಗಿಗೂ ಪಿಸ್ಟನ್ನಿನ ಹಿಂಬದಿಗೂ ಮಾಲಿಬ್ಡಿನಂ ಗ್ರೀಸ್ ತೆಳುವಾಗಿ, ವಾಷರಿನ ಮುಂದೆ ಎಂತದೂ ಬೇಡ. ಮೊದಲ ಹತ್ತಿಪ್ಪತ್ತು ಹೊಡೆತಕ್ಕೆ ಸ್ವಲ್ಪ ಹೊಗೆ ಬಂದರೆ ಹೆದರಬೇಡಿ.

ಕದ್ರಿಗುಡ್ಡೆ:
ಅದೆಲ್ಲ ಸರಿ. ಅಷ್ಟು ಬಿಚ್ಚುವ ಮೊದಲು ಐದು ರೂಪಾಯಿಯ ಓ-ರಿಂಗ್ ಬದಲಿಸಿದರೆ ಎಂತ ನಷ್ಟ?

ಉದ್ಯಾವರ ಟೆರೇಸ್:
ತುಕ್ಕಿಗೆ ಎಣ್ಣೆ ಹೊರಗೆ ಸಾಕಿತ್ತು. ರೆಕ್ಸಿನ್ ಕವರಿನಲ್ಲಿ ಇಡುದೇ ತಪ್ಪು, ಒಳಗಿನ ಸ್ಪಂಜು ನೀರು ಹೀರಿಕೊಳ್ತದೆ. ನನ್ನದು ಬಲ್ಬ್ ಉರಿಯುವ ಕಪಾಟಿನಲ್ಲಿ.

ಕದ್ರಿಗುಡ್ಡೆ:
ಕರೆಂಟ್ ಬಿಲ್ಲು ಯಾರು ಕಟ್ಟುದು? ಕವರಿನಲ್ಲೇ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಒಲೆಯ ಮೇಲೆ ಒಣಗಿಸಿ.

ಉದ್ಯಾವರ ಟೆರೇಸ್:
ಜುಲೈ ತಿಂಗಳಲ್ಲಿ ಎರಡು ದಿನ ಬರುದಿಲ್ಲ ನಿಮ್ಮ ಜೆಲ್.

ಮಲ್ಪೆ_177:
ಲೇತ್ ಅಂಗಡಿಯಲ್ಲಿ ಕ್ಲ್ಯಾಂಪ್ ಹಾಕಿ ಬಿಚ್ಚಿಸಿದೆ. ವಾಷರಿನ ಒಂದು ಬದಿ ಕಪ್ಪಾಗಿ ತುಟಿ ಎದ್ದು ಹೋಗಿದೆ. ಸ್ಪ್ರಿಂಗ್ ಟೇಬಲ್ ಮೇಲೆ ಉರುಳಿಸಿದರೆ ನೇರ ಉರುಳ್ತದೆ, ಬಾಗಲಿಲ್ಲ. ಸಿಲಿಂಡರ್ ಒಳ ಅಳತೆ 25 ಮಿಲಿಮೀಟರ್. ವಾಷರ್ ಯಾರ ಹತ್ರ ಉಂಟು?

ಉದ್ಯಾವರ ಟೆರೇಸ್:
ಸ್ಕೋಪ್ ಯಾವುದು ಹಾಕಿದ್ದೀರಿ?

ಕದ್ರಿಗುಡ್ಡೆ:
ಹೇಗೂ ಬಿಚ್ಚಿ ಆಯ್ತು, ಓ-ರಿಂಗ್ ಕೂಡ ಬದಲಿಸಿ.