ಗಂಧಕಕ್ಕೆ, ಕಬ್ಬಿಣಕ್ಕೆ ವಾಸನೆ ಇದೆಯಾ?

ಮಗಳು ಒಂಬತ್ತನೇ ಕ್ಲಾಸು. ವಾಸನೆ ಇರುವ ಧಾತುಗಳ ಚಾರ್ಟ್ ಮಾಡಬೇಕಂತೆ. ಗಂಧಕ, ಕಬ್ಬಿಣ, ತಾಮ್ರ ಅಂತ ಬರೆದಿದ್ದಾಳೆ. ಸರಿನಾ? ಮನೆಯಲ್ಲೇ ಮೂಸಿ ನೋಡುವಂಥದ್ದು ಇದ್ದರೆ ತಿಳಿಸಿ.

ಮೇಡಂ, ನಾನು ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಮೂರನ್ನೂ ತೆಗೆಸಿಬಿಡಿ. ಶುದ್ಧ ಗಂಧಕಕ್ಕೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದು. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುವುದು ಸಲ್ಫರ್ ಡೈಆಕ್ಸೈಡ್. ಎರಡೂ ಗಂಧಕದ ಸಂಯುಕ್ತಗಳು, ಬರೀ ಗಂಧಕವಲ್ಲ. ಕ್ಲೋರಿನ್, ಬ್ರೋಮಿನ್, ಅಯೋಡಿನ್, ಫ್ಲೋರಿನ್, ಬಿಳಿ ರಂಜಕ, ಆಕ್ಸಿಜನ್ನಿನ ಇನ್ನೊಂದು ರೂಪವಾದ ಓಝೋನ್ ಬರೆಯಲಿ. ಬ್ರೋಮಿನ್ ಅನ್ನುವ ಹೆಸರು ಬಂದದ್ದೇ ನಾತ ಅನ್ನುವ ಗ್ರೀಕ್ ಪದದಿಂದ. ಇವನ್ನು ಮನೆಯಲ್ಲಿ ಮೂಸುವುದು ಬೇಡ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆಸಿಡ್ ಅಂತೂ ಬೆರೆಸಲೇಬಾರದು, ಕ್ಲೋರಿನ್ ಏಳುತ್ತದೆ.

ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದೆ ತಾಯಿ. ಕಂಬಿ ಹಿಡಿದು, ಚಿಲ್ಲರೆ ಎಣಿಸಿ, ರಾತ್ರಿ ಊಟಕ್ಕೆ ಕೂತರೂ ಬೆರಳಲ್ಲಿ ಅದೇ ವಾಸನೆ. ಅದು ಕಬ್ಬಿಣದ್ದಲ್ಲವಂತೆ, ನಮ್ಮ ಚರ್ಮದ್ದೇ! ಬೆವರಿಗೆ ಚೂರು ಕಬ್ಬಿಣ ಕರಗಿ, ಚರ್ಮದ ಜಿಡ್ಡನ್ನು ಒಡೆದಾಗ ಹುಟ್ಟುವ ವಾಸನೆ ಅದು. 2006ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದರು ಅಂತ ಕೆಮಿಸ್ಟ್ರಿ ಓದಿದ ಮಗ ಹೇಳಿದ. ಒಂದು ದೊಡ್ಡ ಮೊಳೆಯನ್ನು ಸೋಪಿನಲ್ಲಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಹಿಡಿದು ಮೂಸಲಿ. ಆಮೇಲೆ ಬೆವರಿದ ಅಂಗೈಯಲ್ಲಿ ಒಂದು ನಿಮಿಷ ತಿಕ್ಕಿ, ಕೈ ಮೂಸಲಿ.

ಅಕ್ಕಾ, ನಾನು ವೆಲ್ಡಿಂಗ್ ಕೆಲಸದವನು. ಕಾರ್ಬೈಡಿಗೆ ನೀರು ಬಿದ್ದರೆ ಬೆಳ್ಳುಳ್ಳಿ ಥರ ನಾತ ಬರುತ್ತದೆ. ವೆಲ್ಡಿಂಗಿಗೆ ಉರಿಸುವ ಅಸಿಟಿಲೀನ್ ಗ್ಯಾಸಿನದೇ ಅಂದುಕೊಂಡಿದ್ದೆ. ಜೊತೆಗೆ ಚೂರು ಬರುವ ಫಾಸ್ಫೀನ್ ಅನ್ನುವ ರಂಜಕದ ಗ್ಯಾಸಿನದಂತೆ.

ದಯವಿಟ್ಟು ಚಾರ್ಟಿನಲ್ಲಿ ವಾಸನೆ ಇಲ್ಲದವುಗಳಿಗೂ ಜಾಗ ಕೊಡಿ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲವೆನ್ನಬಹುದು, ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್‌ಕ್ಯಾಪ್ಟನ್ ಅನ್ನುವ ನಾತದ ವಸ್ತು ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ ಸಿಡಿಯಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆಮೇಲೆ ಅಲ್ಲಿ ವಾಸನೆ ಬೆರೆಸುವುದು ಕಡ್ಡಾಯವಾಯಿತು. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ವಿಷದ ಅನಿಲ ಕಾರ್ಬನ್ ಮೊನಾಕ್ಸೈಡಿಗೆ ಆ ಸಹಾಯವೂ ಇಲ್ಲ. ನನ್ನ ತಮ್ಮ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ, ಚಳಿ ಅಂತ ಕಿಟಕಿ ಮುಚ್ಚಿದ್ದ. ತಲೆ ಸುತ್ತಿ ಬಿದ್ದ. ಬಾಗಿಲು ಒಡೆದು ಒಳಗೆ ಹೋದರೆ ಸೋಪಿನ ಘಮ ಬಿಟ್ಟು ಬೇರೇನೂ ಇರಲಿಲ್ಲ. ಬದುಕಿದ, ದೇವರ ದಯೆ.

ಎಲ್ಲರಿಗೂ ಧನ್ಯವಾದ. ಮೊಳೆ ತಿಕ್ಕಿದ ಅಂಗೈಯನ್ನು ಮನೆಮಂದಿಗೆಲ್ಲ ಮೂಸಿಸಿದಳು. ನಮ್ಮ ಬಚ್ಚಲಲ್ಲೂ ಗ್ಯಾಸ್ ಗೀಸರ್ ಇದೆ. ನಾಳೆಯೇ ಅದನ್ನು ಹೊರಗೆ ಹಾಕಿಸುತ್ತೇನೆ.