ನಾವು ಎಣಿಸಿದ್ದು 9, ರೂಟರ್ ತೋರಿಸಿದ್ದು 23

ಪ್ರಶ್ನೆ (ನಿವೃತ್ತ ಶಿಕ್ಷಕಿ, ಮೈಸೂರು)

ಎಲ್ಲರಿಗೂ ನಮಸ್ಕಾರ. ನೆಟ್‌ವರ್ಕ್ ಕೆಲಸ ಬಲ್ಲವರು ಈ ಗುಂಪಿನಲ್ಲಿದ್ದಾರೆಂಬ ಧೈರ್ಯದಿಂದ ಕೇಳುತ್ತಿದ್ದೇನೆ. ಮನೆಯಲ್ಲಿ ಇರುವವರು ನಾನು ಮತ್ತು ನಮ್ಮ ಯಜಮಾನರು, ಇಬ್ಬರೇ. ಮಗ ಸೊಸೆ ಜರ್ಮನಿಯಲ್ಲಿದ್ದು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ಕಳೆದ ವಾರ ಇಂಟರ್ನೆಟ್ ನಿಧಾನವಾಗಿದೆ ಎಂದು ದೂರು ಕೊಟ್ಟಾಗ ಬಂದ ಹುಡುಗ ತನ್ನ ಫೋನಿನಲ್ಲಿ ನಮ್ಮ ರೂಟರಿನ ಪುಟ ತೆರೆದು, “ಆಂಟಿ, ನಿಮ್ಮ ಮನೆಯಲ್ಲಿ 23 ಡಿವೈಸ್ ಕನೆಕ್ಟ್ ಆಗಿವೆ, ನಿಧಾನ ಆಗದೆ ಇನ್ನೇನಾಗುತ್ತೆ” ಎಂದು ಹೇಳಿ ಹೊರಟುಹೋದ. ಆ ರಾತ್ರಿ ನಾವಿಬ್ಬರೂ ಕಾಗದ ಪೆನ್ನು ಹಿಡಿದು ಕೋಣೆ ಕೋಣೆ ತಿರುಗಿ ಬರೆದೆವು: ಇಬ್ಬರ ಫೋನುಗಳು, ಒಂದು ಟ್ಯಾಬ್, ಲ್ಯಾಪ್‌ಟಾಪ್, ಟಿವಿ, ಮಾತಾಡುವ ಸ್ಪೀಕರ್, ಪ್ರಿಂಟರ್, ಗೇಟಿನ ಕ್ಯಾಮೆರಾ, ಕಳೆದ ಬೇಸಿಗೆಯಲ್ಲಿ ಹಾಕಿಸಿದ ಎಸಿ. ಒಟ್ಟು 9. ಉಳಿದ 14 ಯಾರವು? ನಮ್ಮ ವೈಫೈಯನ್ನು ಹೊರಗಿನವರು ಯಾರಾದರೂ ಬಳಸುತ್ತಿದ್ದಾರೆಯೇ? ಯಜಮಾನರಿಗೆ ಎರಡು ದಿನದಿಂದ ಸರಿಯಾಗಿ ನಿದ್ದೆಯಿಲ್ಲ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಹಾಸನ)

ನಮಸ್ಕಾರ ಮೇಡಂ. ಯಜಮಾನರಿಗೆ ಮೊದಲು ಸಮಾಧಾನ ಹೇಳಿ. ರೂಟರಿನ ಪಟ್ಟಿಯಲ್ಲಿ 23 ಸಾಲುಗಳಿದ್ದ ಮಾತ್ರಕ್ಕೆ ಮನೆಯಲ್ಲಿ 23 ಸಾಧನಗಳಿವೆ ಎಂದು ಅರ್ಥವಲ್ಲ. ಆ ಹುಡುಗ ನಿಂತು ಇಷ್ಟನ್ನಾದರೂ ವಿವರಿಸಬೇಕಿತ್ತು.

ಯಾವುದೇ ಸಾಧನ ವೈಫೈಗೆ ಸೇರಿದ ಕೂಡಲೇ ರೂಟರ್ ಅದಕ್ಕೆ 192.168.1.5 ಎಂಬಂಥ ಒಂದು ವಿಳಾಸವನ್ನು ನಿರ್ದಿಷ್ಟ ಅವಧಿಗೆ, ಹಲವು ರೂಟರುಗಳಲ್ಲಿ 24 ಗಂಟೆಗಳಿಗೆ, ಕೊಟ್ಟು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮದುವೆ ಛತ್ರದಲ್ಲಿ ಯಾವ ಕೋಣೆ ಯಾರಿಗೆ ಎಂದು ಬರೆದಿಡುವ ಪುಸ್ತಕವನ್ನು ನೆನಪಿಸಿಕೊಳ್ಳಿ. ನೆಂಟರು ಊರಿಗೆ ಹೊರಟು ಎಷ್ಟೋ ಹೊತ್ತಾಗಿದ್ದರೂ ಪುಸ್ತಕದಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ಕೆಲವು ರೂಟರುಗಳಂತೂ ತಿಂಗಳುಗಳ ಹಿಂದೆ ಬಂದು ಹೋದವರ ಫೋನುಗಳನ್ನೂ ಪಟ್ಟಿಯಿಂದ ತೆಗೆಯುವುದಿಲ್ಲ. ಕಳೆದ ಹಬ್ಬಕ್ಕೆ ಬಂದವರು ಯಾರಾದರೂ ನಿಮ್ಮ ವೈಫೈ ಪಾಸ್‌ವರ್ಡ್ ಕೇಳಿ ಪಡೆದಿದ್ದರೆ ಅವರು ಇನ್ನೂ ಆ ಪಟ್ಟಿಯಲ್ಲಿ ಇರಬಹುದು.

ಎರಡನೆಯ ಕಾರಣ, ಒಂದೇ ಸಾಧನ ಎರಡು ಸಾಲುಗಳಲ್ಲಿ ಬರುವುದು. ಪ್ರತಿ ಸಾಧನಕ್ಕೂ ಮ್ಯಾಕ್ ವಿಳಾಸವೆಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದರಲ್ಲಿ ಮೊದಲ ಆರನ್ನು ನೋಡಿದರೆ ತಯಾರಕರು ಯಾರೆಂದು ತಿಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ವೈಫೈಗೆ ಒಂದು ಗುರುತು, ಕೇಬಲ್ ಚುಚ್ಚುವ ಕಿಂಡಿಗೆ ಮತ್ತೊಂದು ಗುರುತು ಇರುವುದರಿಂದ, ಎರಡೂ ಕಡೆಯಿಂದ ಜೋಡಿಸಿದರೆ ಅದನ್ನು ರೂಟರ್ ಎರಡು ಎಂದೇ ಎಣಿಸುತ್ತದೆ. ಫೋನುಗಳ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಅಂಗಡಿ, ವಿಮಾನ ನಿಲ್ದಾಣ, ಹೋಟೆಲುಗಳ ವೈಫೈಗಳು ಜನರ ಓಡಾಟದ ಜಾಡು ಹಿಡಿಯಬಾರದೆಂದು, 2019ರ ಆಂಡ್ರಾಯ್ಡ್ 10 ಮತ್ತು 2020ರ ಐಫೋನಿನ ಐಒಎಸ್ 14ರಿಂದ ಈಚೆಗೆ ಫೋನುಗಳು ಪ್ರತಿಯೊಂದು ವೈಫೈ ಹೆಸರಿಗೂ ಬೇರೆ ಬೇರೆ ತಾತ್ಕಾಲಿಕ ಗುರುತನ್ನು ತೋರಿಸುತ್ತವೆ. ನಿಮ್ಮ ರೂಟರಿನಲ್ಲಿ ಒಂದು ಸಾದಾ ಹೆಸರು, ಕೊನೆಗೆ ‘5ಜಿ’ ಎಂದಿರುವ (ಇದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ವೈಫೈ) ಇನ್ನೊಂದು ಹೆಸರು ಇದ್ದು, ನಿಮ್ಮ ಫೋನ್ ಆಗಾಗ ಅತ್ತಿತ್ತ ಬದಲಾಗುತ್ತಿದ್ದರೆ ಅದೊಂದೇ ಫೋನಿಗೆ ಎರಡು ಸಾಲುಗಳಾಗುತ್ತವೆ. ಮ್ಯಾಕ್ ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥ ತಾತ್ಕಾಲಿಕ ಗುರುತು ಎಂದು ಬಹುಮಟ್ಟಿಗೆ ಹೇಳಬಹುದು. ಅಂಥ ಸಾಲಿನಲ್ಲಿ ತಯಾರಕರ ಹೆಸರು ಕಾಣಿಸದಿದ್ದರೆ ಗಾಬರಿ ಬೇಡ.

ಮೂರನೆಯದು, ಮನೆಯಲ್ಲೇ ಇದ್ದು ಯಾರೂ ಸಾಧನವೆಂದು ಲೆಕ್ಕಕ್ಕೆ ಹಿಡಿಯದ ವಸ್ತುಗಳು. ಸೆಟ್‌ಟಾಪ್ ಬಾಕ್ಸ್, ಬಲ್ಬುಗಳು, ಗೋಡೆಯ ಪ್ಲಗ್ಗು, ನೀರಿನ ಫಿಲ್ಟರ್, ಈಚಿನ ಕೆಲವು ಯುಪಿಎಸ್‌ಗಳು ಈ ಸಾಲಿಗೆ ಸೇರುತ್ತವೆ. ನಾನು ಮನೆಗಳಿಗೆ ಹೋದಾಗ ಜನ ಹೇಳುವ ಲೆಕ್ಕಕ್ಕೂ ಕಾಣುವ ಲೆಕ್ಕಕ್ಕೂ ವ್ಯತ್ಯಾಸ ಬರುವುದು ಹೆಚ್ಚಾಗಿ ಇಲ್ಲಿಯೇ.

ಈಗ ಮಾಡಬೇಕಾದ ಕೆಲಸ. ರೂಟರಿನ ಕೆಳಗೆ ಅಂಟಿಸಿರುವ ಚೀಟಿಯಲ್ಲಿ ಅದರ ಪುಟದ ವಿಳಾಸ (192.168.1.1 ಅಥವಾ ಅಂಥದ್ದು), ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಇರುತ್ತವೆ. ಆ ಪುಟ ತೆರೆದು ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ನಂತರ ರೂಟರನ್ನು ಹತ್ತು ನಿಮಿಷ ಆರಿಸಿ ಮತ್ತೆ ಹಾಕಿ, ಅರ್ಧ ಗಂಟೆ ಬಿಟ್ಟು ಪಟ್ಟಿ ನೋಡಿ. ಹಳೆಯ ಸಾಲುಗಳು ಬಹುಪಾಲು ಉದುರಿರುತ್ತವೆ ಅಥವಾ ‘ಆಫ್‌ಲೈನ್’ ಎಂದು ತೋರಿಸುತ್ತವೆ. ಉಳಿದವುಗಳಲ್ಲಿ ಗುರುತು ಸಿಗದಿರುವುದನ್ನು ಕಂಡುಹಿಡಿಯಲು ಯಾವ ಆಪ್ ಕೂಡ ಬೇಡ. ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸುತ್ತ, ಪಟ್ಟಿಯಲ್ಲಿ ಯಾವ ಸಾಲು ಮರೆಯಾಗುತ್ತದೆಂದು ನೋಡಿದರೆ ಸಾಕು. ಎಲ್ಲ ಮಾಡಿದ ಮೇಲೂ ಒಂದು ಸಾಲು ಅನಾಥವಾಗಿ ಉಳಿದರೆ ವೈಫೈ ಪಾಸ್‌ವರ್ಡ್ ಬದಲಾಯಿಸಿಬಿಡಿ. ಹೊಸ ಪಾಸ್‌ವರ್ಡ್ ಗೊತ್ತಿಲ್ಲದ ಹೊರಗಿನವರು ಯಾರೇ ಇದ್ದರೂ ಹಾಗೆಯೇ ಕಳಚಿಕೊಳ್ಳುತ್ತಾರೆ.

ಪ್ರಶ್ನೆ (ಬೆಂಗಳೂರು, ಅಪಾರ್ಟ್‌ಮೆಂಟ್ ನಿವಾಸಿ)

ಸರ್, ನಮ್ಮಲ್ಲಿ ನಿಜವಾಗಿಯೂ 31 ಸಾಧನಗಳಿವೆ, ಎಲ್ಲವನ್ನೂ ಗುರುತಿಸಿದ್ದೇವೆ. ಒಂದು ರೂಟರ್ ಎಷ್ಟನ್ನು ತಡೆದುಕೊಳ್ಳುತ್ತದೆ? ಸಂಖ್ಯೆ ಹೆಚ್ಚಾದದ್ದರಿಂದಲೇ ನಿಧಾನವಾಗುತ್ತದೆಯೇ?

ಉತ್ತರ

ಮನೆಯ ರೂಟರಿನ ಸಾಮಾನ್ಯ ಹೊಂದಾಣಿಕೆಯಲ್ಲಿ ಕೊಡಲು ಗರಿಷ್ಠ 254 ವಿಳಾಸಗಳಿದ್ದು, ಅದರಲ್ಲಿ ಒಂದನ್ನು ರೂಟರೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ವಿಳಾಸಗಳಿಗೆ ಬರವಿಲ್ಲ. ಸುಮ್ಮನೆ ಕುಳಿತ ಬಲ್ಬು ಆಗೊಮ್ಮೆ ಈಗೊಮ್ಮೆ ‘ಇದ್ದೇನೆ’ ಎಂದು ಹೇಳುವುದಕ್ಕೆ ಬೇಕಾದಷ್ಟು ಮಾತ್ರ ಕಳುಹಿಸುವುದರಿಂದ ಅಂಥವು ಇಪ್ಪತ್ತಿದ್ದರೂ ನಿಮ್ಮ ವೇಗ ಕುಗ್ಗುವುದಿಲ್ಲ; ಹಗಲು ರಾತ್ರಿ ವಿಡಿಯೊವನ್ನು ಹೊರಗೆ ಕಳುಹಿಸುವ ಒಂದೇ ಕ್ಯಾಮೆರಾ ಅವೆಲ್ಲಕ್ಕಿಂತ ಹೆಚ್ಚು ಭಾರ. ಅಪಾರ್ಟ್‌ಮೆಂಟಿನಲ್ಲಿ ನಿಜವಾದ ತೊಂದರೆ ಗಾಳಿಯಲ್ಲಿದೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ತರಂಗಗಳಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲ್‌ಗಳು 1, 6, 11, ಈ ಮೂರೇ. ಮೇಲಿನ, ಕೆಳಗಿನ, ಎದುರಿನ ಮನೆಗಳ ರೂಟರುಗಳೆಲ್ಲ ಈ ಮೂರರಲ್ಲೇ ಸರದಿ ಕಾಯುತ್ತಿರುತ್ತವೆ. ಅದರ ಜೊತೆಗೆ ದೂರದ ಕೋಣೆಯಲ್ಲಿ ಸಿಗ್ನಲ್ ಕ್ಷೀಣವಾಗಿರುವ ಒಂದು ಹಳೆಯ ಸಾಧನವಿದ್ದರೆ, ಅದು ತನ್ನ ಅಲ್ಪ ಮಾತನ್ನೇ ಬಹಳ ನಿಧಾನವಾಗಿ ಹೇಳಿ ಮುಗಿಸುವ ತನಕ ಉಳಿದವು ಕಾಯಬೇಕಾಗುತ್ತದೆ. ಟಿವಿ, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಅಥವಾ ಸಾಧ್ಯವಾದರೆ ಕೇಬಲ್ಲಿಗೆ ಬದಲಾಯಿಸಿ, ಬಲ್ಬು ಪ್ಲಗ್ಗುಗಳನ್ನು 2.4ರಲ್ಲೇ ಬಿಡಿ.

ಪ್ರಶ್ನೆ (ಹುಬ್ಬಳ್ಳಿ, ಕಿರಾಣಿ ಅಂಗಡಿಯ ಮಾಲೀಕರು)

ನಮಸ್ಕಾರ್ರೀ ಸರ್. ಅಂಗಡಿ ಕೆಳಗೆ, ಮನೆ ಮೇಲೆ, ಎರಡಕ್ಕೂ ಒಂದೇ ವೈಫೈ. ನಾಲ್ಕು ಕ್ಯಾಮೆರಾ ಹಾಕಿಸಿದ್ದೇನೆ, ಆದರೆ ಪಟ್ಟಿಯಲ್ಲಿ ಒಂದೇ ಕಾಣುತ್ತದೆ. ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆಯಂತೂ ಕಾಣುವುದೇ ಇಲ್ಲ. ಹೊಸ ಸ್ಮಾರ್ಟ್ ಮೀಟರ್ ಹಾಕಿದರೆ ಅದೂ ನಮ್ಮ ವೈಫೈಯನ್ನೇ ಬಳಸುತ್ತದೆಯೇ?

ಉತ್ತರ

ನಿಮ್ಮ ನಾಲ್ಕು ಕ್ಯಾಮೆರಾಗಳ ತಂತಿಗಳು ದೃಶ್ಯಗಳನ್ನು ದಾಖಲಿಸಿಡುವ ಒಂದು ಡಿವಿಆರ್ ಪೆಟ್ಟಿಗೆಗೆ ಬಂದು ಸೇರಿರುತ್ತವೆ; ಇಂಟರ್ನೆಟ್ಟಿಗೆ ಜೋಡಿರುವುದು ಆ ಪೆಟ್ಟಿಗೆ ಮಾತ್ರ. ಹಣದ ಪೆಟ್ಟಿಗೆಯೊಳಗೆ ಅದರದ್ದೇ ಸಿಮ್ ಇರುವುದರಿಂದ ಅದು ಮೊಬೈಲ್ ಜಾಲದ ಮೂಲಕ ಮಾತಾಡುತ್ತದೆ. ಸ್ಮಾರ್ಟ್ ಮೀಟರ್‌ಗಳಿಗೂ ನಿಮ್ಮ ವೈಫೈ ಬೇಕಿಲ್ಲ, ಅವಕ್ಕೆ ಮೊಬೈಲ್ ಜಾಲ ಅಥವಾ ಪ್ರತ್ಯೇಕ ರೇಡಿಯೊ ವ್ಯವಸ್ಥೆ ಇರುತ್ತದೆ. ಹೀಗಾಗಿ ರೂಟರಿನ ಪಟ್ಟಿ ಹೆಚ್ಚು ತೋರಿಸುವಂತೆಯೇ ಕಡಿಮೆಯನ್ನೂ ತೋರಿಸುತ್ತದೆ.

ಆದರೆ ನಿಮ್ಮ ಡಿವಿಆರ್ ಬಗ್ಗೆ ನನಗೆ ನಿಜವಾದ ಕಾಳಜಿ ಇದೆ. ಹಾಕಿಕೊಟ್ಟವರು ಅದರ ಪಾಸ್‌ವರ್ಡ್ ಬದಲಾಯಿಸಿದರೇ? ಒಮ್ಮೆ ಒಂದು ಮನೆಗೆ ಹೋದಾಗ, ಕ್ಯಾಮೆರಾ ಹಾಕಿದವರು ‘ಅಡ್ಮಿನ್’ ಎಂಬ ಹೆಸರನ್ನೂ ಆರು ಅಂಕಿಗಳ ಕಂಪನಿ ಪಾಸ್‌ವರ್ಡನ್ನೂ ಹಾಗೆಯೇ ಬಿಟ್ಟು, ಮಾಲೀಕರು ಫೋನಿನಲ್ಲಿ ನೋಡಲೆಂದು ರೂಟರಿನಲ್ಲಿ ಹೊರಗಿನಿಂದ ಒಳಗೆ ಬರುವ ದಾರಿಯನ್ನೂ ತೆರೆದಿಟ್ಟಿದ್ದು ಕಂಡಿತು. ಆ ಮನೆಯ ಅಜ್ಜಿ ಮಲಗುವ ಹಜಾರ ಅದರಲ್ಲಿ ಪೂರ್ತಿ ಕಾಣುತ್ತಿತ್ತು. ಅದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹಬ್ಬಿದ್ದು ಹೀಗೆಯೇ. ಅದು ಕಾರ್ಖಾನೆಯಿಂದ ಬಂದ ಅರವತ್ತಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ, ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮತ್ತು ರೂಟರುಗಳೊಳಗೆ ಹೊಕ್ಕಿತು. ಅದೇ ವರ್ಷದ ಅಕ್ಟೋಬರ್ 21ರಂದು ಅವುಗಳನ್ನೆಲ್ಲ ಒಟ್ಟಿಗೆ ಎಬ್ಬಿಸಿ ತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವೆಡೆ ಗಂಟೆಗಟ್ಟಲೆ ಸಿಗಲಿಲ್ಲ. ಆ ಕ್ಯಾಮೆರಾಗಳ ಮಾಲೀಕರಿಗೆ ಏನೂ ಗೊತ್ತಾಗಿರಲಿಲ್ಲ, ಏಕೆಂದರೆ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು. ಸಾಧನವನ್ನು ಆರಿಸಿ ಹಾಕಿದರೆ ಮಿರಾಯ್ ಅಳಿಸಿಹೋಗುತ್ತಿತ್ತು ನಿಜ, ಆದರೆ ಪಾಸ್‌ವರ್ಡ್ ಹಳೆಯದೇ ಆಗಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಒಳಗೆ ಬರುತ್ತಿತ್ತು.

ಆದ್ದರಿಂದ ಇವತ್ತೇ ಡಿವಿಆರ್ ಪಾಸ್‌ವರ್ಡ್ ಬದಲಾಯಿಸಿ, ಅದರ ತಂತ್ರಾಂಶಕ್ಕೆ ಅಪ್‌ಡೇಟ್ ಇದ್ದರೆ ಹಾಕಿಸಿ. ರೂಟರಿನಲ್ಲಿ ಅತಿಥಿಗಳಿಗೆಂದು ಪ್ರತ್ಯೇಕ ವೈಫೈ ಕೊಡುವ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವಿದ್ದರೆ ವೈಫೈ ಬಲ್ಬು ಪ್ಲಗ್ಗುಗಳನ್ನು ಅದಕ್ಕೆ ಸೇರಿಸಿ, ಲೆಕ್ಕಪತ್ರ ಬ್ಯಾಂಕು ವ್ಯವಹಾರದ ಫೋನು ಕಂಪ್ಯೂಟರ್‌ಗಳನ್ನು ಮುಖ್ಯ ವೈಫೈಯಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಹೊಸ ಕ್ಯಾಮೆರಾ ಕೊಳ್ಳುವುದಾದರೆ, ಸಿಸಿಟಿವಿಗಳ ಭದ್ರತಾ ಪರೀಕ್ಷೆಯ ಬಗ್ಗೆ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮ 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದರಿಂದ, ಆ ಪ್ರಮಾಣಪತ್ರ ಇರುವ ಮಾದರಿಯನ್ನೇ ಕೇಳಿ.

ಮೊದಲ ಪ್ರಶ್ನೆ ಕೇಳಿದವರಿಂದ, ಮೂರು ದಿನಗಳ ನಂತರ

ಸರ್, ನೀವು ಹೇಳಿದಂತೆಯೇ ಮಾಡಿದೆವು. ರೂಟರ್ ಆರಿಸಿ ಹಾಕಿದ ಮೇಲೆ 23 ಇದ್ದದ್ದು 15 ಆಯಿತು. ಹೋದ ಎಂಟರಲ್ಲಿ ಮಗನ ಮತ್ತು ಸೊಸೆಯ ಫೋನು, ಅವರ ಲ್ಯಾಪ್‌ಟಾಪ್, ಗೌರಿ ಹಬ್ಬಕ್ಕೆ ಬಂದಿದ್ದ ನನ್ನ ತಂಗಿಯ ಮಕ್ಕಳ ಮೂರು ಫೋನುಗಳು, ಜೊತೆಗೆ ನಮ್ಮಿಬ್ಬರ ಫೋನುಗಳೇ ಎರಡನೆಯ ಹೆಸರಿನಲ್ಲಿ ಇದ್ದವು. ಉಳಿದ 15ರಲ್ಲಿ ಲ್ಯಾಪ್‌ಟಾಪ್ ಎರಡು ಸಲ ಬಂದಿತ್ತು. ಸೆಟ್‌ಟಾಪ್ ಬಾಕ್ಸ್ ಒಂದು, ಜಗಲಿಯ ಬಣ್ಣದ ಬಲ್ಬುಗಳು ಮೂರು. ಕೊನೆಗೆ ‘ಇಎಸ್‌ಪಿ’ ಎಂದು ಆರಂಭವಾಗಿ ಆರು ಅಕ್ಷರ-ಅಂಕಿಗಳಿದ್ದ ಒಂದು ಸಾಲು ಏನೆಂದು ತಿಳಿಯಲೇ ಇಲ್ಲ. ಯಜಮಾನರು ಫೋನ್ ಹಿಡಿದು ಹಜಾರದಲ್ಲಿ ಕುಳಿತರು, ನಾನು ಒಂದೊಂದೇ ಸ್ವಿಚ್ ಆರಿಸುತ್ತ ಹೋದೆ. ಬಚ್ಚಲುಮನೆಯ ಗೀಸರ್ ಸ್ವಿಚ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ “ಹೋಯಿತು, ಹೋಯಿತು” ಎಂದು ಕೂಗಿದರು. ಅಪ್ಪ ಗೀಸರ್ ಆರಿಸಲು ಮರೆಯುತ್ತಾರೆಂದು ಮಗ ಹಿಂದಿನ ಸಲ ಬಂದಾಗ ಒಂದು ಪ್ಲಗ್ ಹಾಕಿ, ಅರ್ಧ ಗಂಟೆಗೆ ತಾನಾಗಿ ಆರುವಂತೆ ಮಾಡಿದ್ದನಂತೆ. ಫೋನ್ ಮಾಡಿ ಕೇಳಿದಾಗ ಹೇಳಿದ. ಹಾಗಾದರೆ ನಮ್ಮ ಮನೆಯಲ್ಲಿರುವುದು 14 ಎಂದಾಯಿತಲ್ಲವೇ?

ಉತ್ತರ

ಹೌದು ಮೇಡಂ, 14. ರೂಟರನ್ನೂ ಸೇರಿಸಿ 15 ಎಂದರೂ ಸರಿಯೇ. ಇಎಸ್‌ಪಿ ಎಂಬುದು ಎಸ್ಪ್ರೆಸಿಫ್ ಎಂಬ ಶಾಂಘೈ ಕಂಪನಿಯ ಅಗ್ಗದ ವೈಫೈ ಚಿಪ್ಪಿನ ಹೆಸರು. ಯಾವ ಯಾವುದೋ ಬ್ರಾಂಡಿನ ಪ್ಲಗ್ಗು, ಬಲ್ಬು, ಸ್ವಿಚ್‌ಗಳ ಒಳಗೆ ಅದೇ ಇರುವುದರಿಂದ ಪಟ್ಟಿಯಲ್ಲಿ ಬ್ರಾಂಡಿನ ಬದಲು ಚಿಪ್ಪಿನ ಹೆಸರು ಬಂದಿದೆ. ರೂಟರಿನ ಪುಟದಲ್ಲಿ ಆ ಸಾಲಿಗೆ ‘ಗೀಸರ್’ ಎಂದು ಹೆಸರಿಡಲು ಅವಕಾಶ ಇದ್ದರೆ ಈಗಲೇ ಇಟ್ಟುಬಿಡಿ.

ಎರಡು ವಿಷಯಗಳನ್ನು ಮಾತ್ರ ದಯವಿಟ್ಟು ನೋಡಿ. ಮೊದಲನೆಯದು ಇಂಟರ್ನೆಟ್ಟಿಗಿಂತ ಮುಖ್ಯವಾದದ್ದು: ಆ ಪ್ಲಗ್ಗಿನ ಮೇಲೆ 16 ಆಂಪಿಯರ್ ಎಂದು ಬರೆದಿದೆಯೇ? 2000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3000 ವ್ಯಾಟಿನದು ಸುಮಾರು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರಿನ ಪ್ಲಗ್ಗಾಗಿದ್ದರೆ ಅದು ಬಿಸಿಯಾಗಿ ಕರಗುವ ಅಪಾಯವಿದೆ, ಇಂದೇ ತೆಗೆಸಿಬಿಡಿ. ಎರಡನೆಯದಾಗಿ, ಪ್ಲಗ್ಗು ಮತ್ತು ಬಲ್ಬುಗಳ ಖಾತೆ ಮಗನ ಹೆಸರಿನಲ್ಲಿ, ಅವರ ಫೋನಿನಲ್ಲೇ ಇರುತ್ತದೆ. ನಿಮ್ಮ ಫೋನಿಗೂ ಅದರ ಅನುಮತಿ ಕೊಡಲು ಅವರಿಗೆ ಹೇಳಿ. ಇಲ್ಲವಾದರೆ ನಾಳೆ ನೀವು ವೈಫೈ ಪಾಸ್‌ವರ್ಡ್ ಬದಲಾಯಿಸಿದಾಗ ಗೀಸರಿನ ಪ್ಲಗ್ಗನ್ನು ಮತ್ತೆ ಜೋಡಿಸಲು ಅವರು ಜರ್ಮನಿಯಿಂದ ಬರುವವರೆಗೆ ಕಾಯಬೇಕಾಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು

ಈಗಷ್ಟೇ ಟಾರ್ಚ್ ಹಿಡಿದು ನೋಡಿದೆವು ಸರ್. 16 ಆಂಪಿಯರ್ ಎಂದೇ ಇದೆ. ಅನುಮತಿಯ ವಿಷಯ ಭಾನುವಾರ ಮಗ ವಿಡಿಯೊ ಕರೆ ಮಾಡಿದಾಗ ಕೂರಿಸಿಕೊಂಡು ಮಾಡಿಸುತ್ತೇನೆ. ಯಜಮಾನರು ನಿನ್ನೆ ರಾತ್ರಿ ನೆಮ್ಮದಿಯಾಗಿ ಮಲಗಿದರು.