ಬಾಳೋ ಪಾಟ್ ಆಲ್ಬಂಗೆ ಕವರ್, ಒಳಗಿನ ಪುಸ್ತಿಕೆ ಹೇಗಿರಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ, ವಿರಾಜಪೇಟೆ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಿರಿಯರು ಹಾಡುವ ಬಾಳೋ ಪಾಟ್ (ದುಡಿ ಬಾರಿಸುತ್ತಾ ಹಾಡುವ ಕೊಡವ ಜನಪದ ಹಾಡು) ಮತ್ತು ಪುತ್ತರಿ (ಸುಗ್ಗಿ ಹಬ್ಬ, ಹುತ್ತರಿ) ಹಾಡುಗಳನ್ನು ರೆಕಾರ್ಡ್ ಮಾಡಿಸಿದ್ದೇವೆ. ಒಟ್ಟು ಎಂಟು ಹಾಡು. ಎರಡರಲ್ಲಿ ವಾಲಗವೂ ಇದೆ. ಈ ಸಲದ ಪುತ್ತರಿಗೆ ಹೊರಗೆ ತರಬೇಕು ಅಂತ ಆಸೆ. ಸ್ವಲ್ಪ ಸಿ.ಡಿ. ಮಾಡಿಸಿ ಊರಲ್ಲಿ ಹಂಚೋದು, ಜೊತೆಗೆ ಆನ್‌ಲೈನ್‌ನಲ್ಲೂ ಹಾಕೋದು. ಕವರ್‌ಗೆ ಯಾವ ಚಿತ್ರ ಹಾಕಬೇಕು, ಪುಸ್ತಿಕೆಯಲ್ಲಿ ಏನೇನು ಬರೆಯಬೇಕು ಗೊತ್ತಾಗುತ್ತಿಲ್ಲ. ಹುಡುಗರು ಮಂಜು ಮುಸುಕಿದ ಬೆಟ್ಟ ಹಾಕೋಣ ಅನ್ನುತ್ತಾರೆ. ಹಿರಿಯರು ತಲಕಾವೇರಿ ಹಾಕಿ ಅನ್ನುತ್ತಾರೆ. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ

ನಮಸ್ಕಾರ ಅಣ್ಣ. ಹಾಡಿನ ಆಲ್ಬಂ, ಸ್ಮರಣ ಸಂಚಿಕೆ, ಮದುವೆ ಕಾಗದ, ಎಲ್ಲದಕ್ಕೂ ಡಿಸೈನ್ ಮಾಡುವ ಕೆಲಸ ನನ್ನದು. ನಾನು ಹೇಳೋದು ಇಷ್ಟೇ: ಬರಹ ಮೊದಲು, ಕವರ್ ಆಮೇಲೆ. ಕವರ್ ಒಂದು ವಾರದಲ್ಲಿ ಆಗುತ್ತದೆ. ಚೆನ್ನಾಗಿ ಬರಲಿಲ್ಲ ಅಂದ್ರೆ ಇನ್ನೊಂದು ಮಾಡಬಹುದು. ಆದರೆ ಈ ಹಾಡು ಯಾರಿಂದ ಬಂತು, ಯಾವ ಊರಿನ ಧಾಟಿ, ದುಡಿ (ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ವಾದ್ಯ) ಹಿಡಿದವರು ಯಾರು ಅನ್ನೋದನ್ನು ಆ ಹಿರಿಯರೇ ಹೇಳಬೇಕು. ಈಗಲೇ ಹೋಗಿ ಅವರ ಜೊತೆ ಕೂತು ಬರೆದುಕೊಳ್ಳಿ.

ಮನೆಯಲ್ಲಿ ಹಳೆಯ ಜಾನಪದ ಗೀತೆಗಳ ಕ್ಯಾಸೆಟ್ ಇದ್ದರೆ ಡಬ್ಬಿ ತೆಗೆದು ಆ ಮಡಚಿದ ಕಾರ್ಡ್ ನೋಡಿ. ಎಷ್ಟೋ ಕಡೆ ಒಬ್ಬರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ, ಅದರ ಕೆಳಗೆ ‘ಮತ್ತು ಸಂಗಡಿಗರು’. ಆ ಸಂಗಡಿಗರು ಯಾರು ಅಂತ ಈಗ ಕೇಳಿದರೆ ಹೇಳುವವರಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಕಾರ್ಡಿನ ಮುಂದಿನ ಭಾಗ ನಾಲ್ಕು ಇಂಚು ಎತ್ತರ, ಎರಡೂವರೆ ಇಂಚು ಅಗಲ ಅಷ್ಟೇ, ಜಾಗ ಇರಲಿಲ್ಲ ಅಂತ ಹೇಳಬಹುದು. ನಿಮಗೆ ಆ ಕಷ್ಟ ಇಲ್ಲ. ದಯವಿಟ್ಟು ‘ಮತ್ತು ಸಂಗಡಿಗರು’ ಅಂತ ಬರೆಯಬೇಡಿ.

ಅದರಲ್ಲೂ ಬಾಳೋ ಪಾಟ್‌ಗೆ ಅದು ಹೊಂದುವುದೇ ಇಲ್ಲ. ನಾಲ್ಕು ಜನ ದುಡಿ ಹಿಡಿದು ಕೂರುತ್ತಾರೆ. ಇಬ್ಬರು ಒಂದು ಸಾಲು ಹೇಳಿದರೆ ಉಳಿದಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಇದರಲ್ಲಿ ಮುಖ್ಯ ಗಾಯಕರು ಯಾರು, ಜೊತೆಯವರು ಯಾರು? ನಾಲ್ಕೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಬರಲಿ. ಮನೆತನದ ಹೆಸರು, ಊರು ಸೇರಿಸಿ ಪೂರ್ತಿ ಬರೆಯಿರಿ. ಬರೀ ಕರೆಯುವ ಹೆಸರು ಹಾಕಿದರೆ ಪಕ್ಕದ ನಾಡಿನವರಿಗೂ ಯಾರು ಅಂತ ಗೊತ್ತಾಗುವುದಿಲ್ಲ.

ವಾಲಗದವರನ್ನು ಮರೆಯಬೇಡಿ. ನಮ್ಮಲ್ಲಿ ಮದುವೆಗೂ ಅವರೇ ಬೇಕು, ಹಬ್ಬಕ್ಕೂ ಅವರೇ ಬೇಕು. ಹೆಸರು ಹಾಕುವ ಹೊತ್ತಿಗೆ ಮಾತ್ರ ‘ವಾಲಗ ತಂಡ’ ಅಂತ ಬರೆದು ಮುಗಿಸುತ್ತೇವೆ. ಕೊಂಬು ಊದಿದವರು ಯಾರು, ಕೊಟ್ಟು ಬಾರಿಸಿದವರು ಯಾರು, ತಾಳ ಯಾರದು, ಒಬ್ಬೊಬ್ಬರ ಹೆಸರೂ ಬೇಕು. ರೆಕಾರ್ಡಿಂಗ್ ದಿನ ಬರೆದುಕೊಂಡಿಲ್ಲ ಅಂದ್ರೆ ಅವರ ಮನೆಗೇ ಹೋಗಿ ಕೇಳಿ.

ಇದು ಹೊಸ ಕಾಳಜಿಯೂ ಅಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ತಾವೇ ಹೇಳುತ್ತಿದ್ದರು. ಆಗ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಲೇಬಲ್ ಮೇಲೆ ಯಾರ ಹೆಸರು ಹಾಕಬೇಕು ಅಂತ ಗೊತ್ತಾಗಲಿ ಅಂತ ಹಾಗೆ ಹೇಳಿಸುತ್ತಿದ್ದರು. ನೀವೂ ಹಾಗೆ ಮಾಡಬಹುದು. ಹಿರಿಯರು ತಮ್ಮ ಹೆಸರು, ಊರು ಹೇಳುವುದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ, ಕೊನೆಯಲ್ಲಿ ಒಂದು ಚಿಕ್ಕ ಟ್ರ್ಯಾಕ್ ಆಗಿ ಸೇರಿಸಿ. ಪುಸ್ತಿಕೆ ಕಳೆದುಹೋದರೂ ಹೆಸರು ಉಳಿಯುತ್ತದೆ.

ಒಂದೊಂದು ಹಾಡಿಗೆ ಏನು ಬರೆಯಬೇಕು ಅಂತ ಕೇಳಿದ್ದೀರಿ. ನಾನು ಬರೆಸುವ ರೀತಿ ಹೀಗೆ: ಹಾಡಿನ ಹೆಸರು. ಯಾವಾಗ ಹಾಡುತ್ತಾರೆ, ಪುತ್ತರಿಗೋ, ಮದುವೆಗೋ, ದೇವರ ಹಬ್ಬಕ್ಕೋ. ಹಾಡಿದವರು, ಅವರಿಗೆ ಕಲಿಸಿದವರು. ಕಥೆ ಏನು ಅಂತ ನಾಲ್ಕೈದು ಸಾಲು. ರೆಕಾರ್ಡ್ ಮಾಡಿದ ಜಾಗ, ತಾರೀಕು. ಜಾಗ ಅಂದ್ರೆ ‘ಕೊಡಗು’ ಅಂತ ಬರೆದರೆ ಸಾಲದು. ‘ಐನ್‌ಮನೆಯ (ಮನೆತನದ ಮೂಲ ಮನೆಯ) ಕೈಯಾಲೆಯಲ್ಲಿ (ಜಗಲಿಯಲ್ಲಿ), ಐಮರದ (ಅಲ್ಲಿನ ಮರದ ಹಲಗೆಯ) ಮೇಲೆ ಕೂತು ಹಾಡಿದ್ದು. ನಡುವೆ ಕೇಳುವ ಸದ್ದು ಹೆಂಚಿನ ಮೇಲೆ ಬಿದ್ದ ಮಳೆಯದು’ ಅಂತ ಬರೆಯಿರಿ. ಹೀಗೆ ಬರೆದಿದ್ದರೆ ಕೇಳುವವರು ಆ ಸದ್ದನ್ನು ದೋಷ ಅಂದುಕೊಳ್ಳುವುದಿಲ್ಲ, ಕಿವಿಗೊಟ್ಟು ಕೇಳುತ್ತಾರೆ.

ಹಾಡಿನ ಸಾಹಿತ್ಯ ಕೊಡವ ತಕ್ಕ್‌ನಲ್ಲೇ (ಕೊಡವ ಭಾಷೆಯಲ್ಲೇ) ಇರಲಿ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಕೊಡಿ. ಎಂಟು ಹಾಡಿಗೂ ಪೂರ್ತಿ ಕೊಡಲು ಆಗುವುದಿಲ್ಲ, ಬಾಳೋ ಪಾಟ್ ಉದ್ದ ಇರುತ್ತದೆ. ಎರಡು ಹಾಡಿಗೆ ಪೂರ್ತಿ ಕೊಡಿ, ಉಳಿದದ್ದಕ್ಕೆ ಮೊದಲ ಕೆಲವು ಸಾಲು ಸಾಕು.

ಇನ್ನು ಕವರ್. ಮಂಜು ಮುಸುಕಿದ ಬೆಟ್ಟ ನನಗೂ ಇಷ್ಟ. ಆದರೆ ಹೋಮ್‌ಸ್ಟೇ ಜಾಹೀರಾತಿನಲ್ಲೂ ಅದೇ ಇದೆ, ಕಾಫಿ ಪುಡಿ ಪೊಟ್ಟಣದ ಮೇಲೂ ಅದೇ ಇದೆ. ಇದು ಹಾಡಿನ ಆಲ್ಬಂ ಅಂತ ಯಾರಿಗೆ ಗೊತ್ತಾಗಬೇಕು? ತಲಕಾವೇರಿಯೂ ಅಷ್ಟೇ. ಕಾವೇರಮ್ಮನ ಹಾಡೇ ಮುಖ್ಯ ಆಗಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ. ನನ್ನ ಕೈಗೆ ಕೊಟ್ಟಿದ್ದರೆ ದುಡಿ ಹಿಡಿದ ಕೈ ಹಾಕುತ್ತಿದ್ದೆ. ಹಳೆಯ ದುಡಿ ಒಂದನ್ನು ಹತ್ತಿರದಿಂದ ನೋಡಿ. ನಡುವಿನ ಸಣ್ಣ ಸೊಂಟ, ಅದರ ಸುತ್ತ ಬಿಗಿದ ದಾರ, ಕೋಲು ಬಿದ್ದು ಬಿದ್ದು ಬಣ್ಣ ತಿರುಗಿದ ಚರ್ಮ, ಹಿಡಿದವರ ಬೆರಳಿನ ಗೆರೆ. ಬೆಳಗಿನ ಬೆಳಕಲ್ಲಿ, ಕೈಯಾಲೆಯಲ್ಲಿ, ಫ್ಲ್ಯಾಶ್ ಹಾಕದೆ ತೆಗೆಸಿ.

ಚಿತ್ರ ಬರೆಸುವುದಾದರೆ ನಮ್ಮ ಕಡೆಯ ಕಲಾವಿದರಿಂದಲೇ ಬರೆಸಿ, ಇಲ್ಲವೇ ಪಕ್ಕದಲ್ಲಿ ಕೂತು ತಿದ್ದಿಸಿ. ಹೊರಗಿನವರು ಬರೆದಾಗ ಸೀರೆಯ ನಿರಿಗೆ ಮುಂದೆ ಬಂದುಬಿಡುತ್ತದೆ. ನಮ್ಮದು ಹಿಂದೆ ಅಲ್ವಾ. ಗಂಡಸರ ಪೀಚೆ ಕತ್ತಿ (ಸಣ್ಣ ಕತ್ತಿ) ಚೇಲೆಯಲ್ಲಿ (ಸೊಂಟದ ಪಟ್ಟಿಯಲ್ಲಿ) ಮುಂದೆ ಇರಬೇಕು, ಅದು ಎಲ್ಲೋ ಇರುತ್ತದೆ. ಕಂಪ್ಯೂಟರ್ ತಾನೇ ಬರೆದುಕೊಡುವ ಚಿತ್ರದಲ್ಲಂತೂ ದುಡಿ ಕೇಳಿದರೆ ಶಿವನ ಡಮರು ಬರುತ್ತದೆ. ಊರಿನ ಹಿರಿಯರು ಅದನ್ನು ನೋಡಿದ ತಕ್ಷಣ ಆಲ್ಬಂ ಮೇಲಿನ ನಂಬಿಕೆ ಹೋಗುತ್ತದೆ.

ಗೋಣಿಕೊಪ್ಪದಿಂದ

ಮಡಿಕೇರಿ ಅಣ್ಣ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ನಾನು ಪ್ರಿಂಟಿಂಗ್ ವಿಷಯ ಮಾತ್ರ ಹೇಳುತ್ತೇನೆ.

ಪ್ಲಾಸ್ಟಿಕ್ ಡಬ್ಬಿಯ ಸಿ.ಡಿ. ಆದರೆ ಮುಂದಿನ ಪುಸ್ತಿಕೆ 12 ಸೆಂ.ಮೀ. ಚೌಕ. ಹಿಂದಿನ ಕಾರ್ಡ್ ಸುಮಾರು 15.1 ಸೆಂ.ಮೀ. ಅಗಲ, 11.8 ಎತ್ತರ. ಅದರಲ್ಲಿ ಎರಡೂ ಬದಿಯ ಬೆನ್ನುಪಟ್ಟಿ ಸೇರಿರುತ್ತದೆ. ಕಪಾಟಿನಲ್ಲಿ ಕಾಣುವುದು ಆ ಪಟ್ಟಿಯೇ, ಅಲ್ಲಿ ಆಲ್ಬಂ ಹೆಸರು ಕನ್ನಡದಲ್ಲಿ ಬರಲೇಬೇಕು. ಸುತ್ತಲೂ 3 ಮಿ.ಮೀ. ಜಾಸ್ತಿ ಬಿಡಿ, ಕತ್ತರಿಸುವಾಗ ಬೇಕಾಗುತ್ತದೆ. ಪಿನ್ ಹೊಡೆಯುವ ಪುಸ್ತಿಕೆಯ ಪುಟ ನಾಲ್ಕರ ಲೆಕ್ಕದಲ್ಲಿ ಇರಬೇಕು: 8, 12, 16. ಹದಿನಾರರವರೆಗೆ ಡಬ್ಬಿಯಲ್ಲಿ ಸಲೀಸಾಗಿ ಕೂರುತ್ತದೆ. ಫೈಲ್ ಸಿ.ಎಂ.ವೈ.ಕೆ.ಯಲ್ಲಿ (ಅಚ್ಚಿಗೆ ಬಳಸುವ ಬಣ್ಣದ ವ್ಯವಸ್ಥೆ), 300 ಡಿ.ಪಿ.ಐ.

ನಿಜವಾದ ತಲೆನೋವು ಕನ್ನಡ ಅಕ್ಷರದ್ದು. ನಮಗೆ ಗೊತ್ತಿರುವ ಒಂದು ತಂಡ ಕವರ್ ಫೈಲನ್ನು ಹೊರ ಊರಿನ ಪ್ರೆಸ್‌ಗೆ ಕಳಿಸಿತ್ತು. ಬಂದ ಪೆಟ್ಟಿಗೆ ತೆಗೆದು ನೋಡಿದರೆ ‘ಪುತ್ತರಿ’ಯ ಒತ್ತು ಕೆಳಗಿಳಿದಿರಲಿಲ್ಲ, ‘ಪುತ್‌ತರಿ’ ಆಗಿತ್ತು. ಅಷ್ಟೂ ಪ್ರತಿ ಹಾಗೇ. ಹಳೆಯ ಫೋಟೊಶಾಪ್‌ನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರ ಹೀಗೆ ಒಡೆಯುತ್ತದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಹಾಗಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಎಲ್ಲ ಸರಿ ಇದೆ ಅಂತ ನೋಡಿಕೊಂಡ ಮೇಲೆ ಅಕ್ಷರಗಳನ್ನು ಕರ್ವ್‌ಗೆ, ಅಂದ್ರೆ ಬರೀ ಗೆರೆಯ ಆಕಾರಕ್ಕೆ, ಬದಲಾಯಿಸಿ, ಆಮೇಲೆ ಪ್ರೆಸ್‌ಗೆ ಕಳಿಸಿ. ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ ನೋಡದೆ ಒಪ್ಪಿಗೆ ಕೊಡಬೇಡಿ.

ಅಕ್ಷರದ ಅಳತೆ 9 ಪಾಯಿಂಟ್‌ಗಿಂತ ಕಡಿಮೆ ಬೇಡ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಇರುತ್ತದೆ, ಸಾಲುಗಳ ನಡುವೆ ಉಸಿರಾಡಲು ಜಾಗ ಬೇಕು. ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರ ಹಾಕಿದರೆ ಇಂಕು ತುಂಬಿ ಅಕ್ಷರವೇ ಮುಚ್ಚಿಹೋಗುತ್ತದೆ. ಪುಸ್ತಿಕೆ ಓದುವವರಲ್ಲಿ ವಯಸ್ಸಾದವರೇ ಜಾಸ್ತಿ, ಅವರ ಕಣ್ಣಿಗೆ ಸಿಗಬೇಕು.

ಇನ್ನೊಂದು ಮಾತು. ಈಗ ಸಿ.ಡಿ. ಹಾಕಿ ಕೇಳುವವರು ಎಷ್ಟು ಜನ? ಹೊಸ ಕಾರಿನಲ್ಲೂ ಪ್ಲೇಯರ್ ಇಲ್ಲ. ಸಿ.ಡಿ. ದುಡ್ಡು ಉಳಿಸಿ, ಕೈಗೆ ಹಿಡಿಯುವಂಥ ಸ್ವಲ್ಪ ದೊಡ್ಡ ಪುಸ್ತಿಕೆ ಮಾಡಿಸಿ, ಒಳಗೆ ಹಾಡಿನ ಕ್ಯೂಆರ್ ಕೋಡ್ ಹಾಕಿದರೆ ಹೇಗೆ? ಮಳೆಗಾಲದ ತೇವಕ್ಕೆ ನುಣುಪಾದ ಆರ್ಟ್ ಪೇಪರ್ ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಒಳಗೆ ಮಂದವಾದ ಸಾದಾ ಕಾಗದವೇ ವಾಸಿ.

ಮೈಸೂರಿನಿಂದ, ಊರು ನಾಪೋಕ್ಲು

ಹಕ್ಕಿನ ವಿಷಯ ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಾಪಿರೈಟ್ ಕಾಯ್ದೆಯ 52ಎ ಕಲಂ ಪ್ರಕಾರ ಧ್ವನಿಮುದ್ರಣದ ಮೇಲೂ ಅದರ ಹೊದಿಕೆಯ ಮೇಲೂ ಮೂರು ವಿಷಯ ಇರಲೇಬೇಕು. ರೆಕಾರ್ಡಿಂಗ್ ಮಾಡಿದವರ ಹೆಸರು ವಿಳಾಸ, ಹಕ್ಕು ಯಾರದೋ ಅವರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ.

ಹಾಡಿನ ಮೂಲವನ್ನೂ ಬರೆಯಿರಿ. ಸಾಹಿತ್ಯವನ್ನು ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (ಕೊಡವ ಜನಪದ ಹಾಡುಗಳ ಸಂಗ್ರಹ) ಪುಸ್ತಕದಿಂದ ತೆಗೆದುಕೊಂಡಿದ್ದರೆ ಹಾಗಂತ ಹೇಳಿ. ಅದು 1924ರಲ್ಲಿ ಬಂದ ಪುಸ್ತಕ, ಅವರು ತೀರಿಕೊಂಡದ್ದು 1931ರಲ್ಲಿ. ನಮ್ಮ ದೇಶದಲ್ಲಿ ಬರೆದವರ ಕಾಲಾನಂತರ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ಯಾರ ಒಪ್ಪಿಗೆಯೂ ಬೇಕಿಲ್ಲ, ಆದರೂ ಹೆಸರು ಹಾಕೋದು ನಮ್ಮ ಮರ್ಯಾದೆ. 2003ರ ಇಂಗ್ಲಿಷ್ ಅನುವಾದದ ಮಾತು ಬೇರೆ, ಅದರಿಂದ ಸಾಲು ತೆಗೆದು ಅಚ್ಚು ಹಾಕಬೇಕಾದರೆ ಕೇಳಲೇಬೇಕು. ಕೊಡವ ಭಾಷೆಯ ಕವಿ ಹರದಾಸ ಅಪ್ಪಚ್ಚ ಕವಿಗಳ ಹಾಡು ಸೇರಿಸಿದ್ದರೆ ಅವರು ತೀರಿಕೊಂಡದ್ದು 1944ರಲ್ಲಿ, ಅದಕ್ಕೂ ಇದೇ ಲೆಕ್ಕ. ಪುಸ್ತಕದ ಪಾಠಕ್ಕೂ ನಿಮ್ಮ ಹಿರಿಯರು ಹಾಡಿದ್ದಕ್ಕೂ ವ್ಯತ್ಯಾಸ ಇದ್ದರೆ ದಯವಿಟ್ಟು ಪುಸ್ತಕ ನೋಡಿ ತಿದ್ದಬೇಡಿ. ಹಾಡಿದ್ದನ್ನೇ ಅಚ್ಚು ಹಾಕಿ. ಅದು ನಿಮ್ಮೂರಿನ ಪಾಠ, ಅದಕ್ಕೇ ಅಲ್ವಾ ಈ ಆಲ್ಬಂ.

ಫೋಟೊ ನೀವು ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಮಾತು ಆಗಿಲ್ಲದಿದ್ದರೆ, ಹಕ್ಕು ನಿಮ್ಮದೇ. ಫೇಸ್‌ಬುಕ್‌ನಲ್ಲಿ ಸಿಕ್ಕಿದ್ದು ನಿಮ್ಮದಲ್ಲ. ತೆಗೆದವರ ಹೆಸರನ್ನು ಎರಡೂ ಸಂದರ್ಭದಲ್ಲಿ ಹಾಕಿ.

ಕುಶಾಲನಗರದಿಂದ

ಆನ್‌ಲೈನ್‌ಗೆ ಹಾಕುವವರಿಗೆ ಒಂದೆರಡು ಮಾತು. ಕವರ್ ಚೌಕ ಇರಬೇಕು, 3000 × 3000 ಪಿಕ್ಸೆಲ್ ಮಾಡಿಡಿ, ಆರ್.ಜಿ.ಬಿ.ಯಲ್ಲಿ (ಪರದೆಗೆ ಬಳಸುವ ಬಣ್ಣದ ವ್ಯವಸ್ಥೆ). ಅದರ ಮೇಲೆ ಫೋನ್ ನಂಬರ್, ವೆಬ್ ವಿಳಾಸ, ಬೆಲೆ, ಕ್ಯೂಆರ್ ಕೋಡ್ ಯಾವುದೂ ಬೇಡ. ಇದ್ದರೆ ಹಾಡಿನ ಆ್ಯಪ್‌ಗಳವರು ವಾಪಸ್ ಕಳಿಸುತ್ತಾರೆ. ಕವರ್ ಮೇಲಿನ ಹೆಸರೂ ನೀವು ಫಾರಂನಲ್ಲಿ ತುಂಬಿದ ಹೆಸರೂ ಒಂದೇ ಇರಬೇಕು. ಫೋನಿನಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ. ಹಾಗಾಗಿ ಒಂದು ಚಿತ್ರ, ಒಂದು ಹೆಸರು ಸಾಕು.

ಹೆಚ್ಚಿನ ಆ್ಯಪ್‌ಗಳಲ್ಲಿ ಪುಸ್ತಿಕೆಗೆ ಜಾಗ ಇಲ್ಲ. ಕ್ರೆಡಿಟ್ಸ್ ಅಂತ ಇರುತ್ತದೆ, ಅಲ್ಲಿ ಹಾಡಿದವರು, ನುಡಿಸಿದವರು ಎಲ್ಲರ ಹೆಸರೂ ತುಂಬಿ. ಸಾಹಿತ್ಯ ಯಾರದು ಅಂತ ಕೇಳಿದರೆ ಜನಪದ ಹಾಡಿಗೆ ‘ಸಾಂಪ್ರದಾಯಿಕ’ ಅಂತಲೇ ಹಾಕಿ, ಅಪ್ಪಚ್ಚ ಕವಿಗಳದ್ದಾದರೆ ಅವರ ಹೆಸರು ಹಾಕಿ. ಪುಸ್ತಿಕೆಯ ಪಿ.ಡಿ.ಎಫ್. ಬೇರೆ ಕಡೆ ಇಟ್ಟು ಎಲ್ಲರಿಗೂ ಲಿಂಕ್ ಕೊಡಿ. ಪುತ್ತರಿ ಬೆಳಿಗ್ಗೆ ಹಾಡು ಸಿಗಬೇಕಾದರೆ ಒಂದು ತಿಂಗಳ ಮೊದಲೇ ಎಲ್ಲ ಕಳಿಸಿಬಿಡಿ.

ವಿರಾಜಪೇಟೆ ಕಡೆಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕವರ್‌ಗೆ ದುಡಿ ಅಂತ ಹುಡುಗರೂ ಒಪ್ಪಿದರು. ಒಂದು ಸಮಸ್ಯೆ. ಹಾಡಿದ ಹಿರಿಯರಲ್ಲಿ ಒಬ್ಬರು ತಮ್ಮ ಹೆಸರು ಬೇಡ ಅನ್ನುತ್ತಿದ್ದಾರೆ. ಹಾಡು ಊರಿನದು, ನನ್ನದಲ್ಲ ಅಂತ. ಬಲವಂತ ಮಾಡಲು ಮನಸ್ಸು ಬರುತ್ತಿಲ್ಲ.

ಮಡಿಕೇರಿಯಿಂದ

ಬಲವಂತ ಬೇಡ ಅಣ್ಣ. ನಿಮಗೆ ಕಲಿಸಿದವರು ಯಾರು, ಅವರ ಹೆಸರು ಹಾಕೋಣವಾ ಅಂತ ಕೇಳಿ ನೋಡಿ. ನಾನು ಕಂಡ ಹಿರಿಯರಲ್ಲಿ ಇದಕ್ಕೆ ಬೇಡ ಅಂದವರಿಲ್ಲ. ತಂದೆಯದೋ ಮಾವನದೋ ಹೆಸರು ಹೇಳಲು ಶುರು ಮಾಡಿದರೆ ಆ ಹಾಡಿನ ಪೂರ್ತಿ ಕಥೆಯೇ ಹೊರಗೆ ಬರುತ್ತದೆ. ‘ಇಂಥವರಿಂದ ಕಲಿತ ಇಂಥವರು’ ಅಂತ ಒಟ್ಟಿಗೆ ಬರೆದು ತೋರಿಸಿ, ಆಗ ಒಪ್ಪಬಹುದು. ಆಗಲೂ ಬೇಡ ಅಂದ್ರೆ ಊರಿನ ಹೆಸರು ಹಾಕಿ, ಅವರ ಇಷ್ಟದಂತೆ ಹೆಸರು ಹಾಕಿಲ್ಲ ಅಂತ ಒಂದು ಸಾಲು ಸೇರಿಸಿ.

ಅಚ್ಚಿಗೆ ಕೊಡುವ ಮೊದಲು ಎಲ್ಲ ಹಾಡುಗಾರರನ್ನೂ ವಾಲಗದವರನ್ನೂ ಒಂದು ಕಡೆ ಕೂರಿಸಿ ಪುಸ್ತಿಕೆಯನ್ನು ಗಟ್ಟಿಯಾಗಿ ಓದಿ ಹೇಳಿ. ಹೆಸರಿನ ಕಾಗುಣಿತ, ಊರು, ಸಂಬಂಧ ಅಲ್ಲೇ ಸರಿ ಮಾಡಿಸುತ್ತಾರೆ. ಮಡಿಕೇರಿಯ ಕೊಡವ ಸಾಹಿತ್ಯ ಅಕಾಡೆಮಿಗೆ, ಆಕಾಶವಾಣಿಗೆ ಒಂದೊಂದು ಪ್ರತಿ ಕೊಡಲು ಈಗಲೇ ತೆಗೆದಿಡಿ. ಪ್ರೂಫ್ ಬಂದಾಗ ನನಗೂ ಕಳಿಸಿ, ಒತ್ತಕ್ಷರ ನಾನು ನೋಡಿಕೊಡುತ್ತೇನೆ.